ಮೂರನೇ ಸುತ್ತಿನ ಮೇಣದಬತ್ತಿ

ಟ್ವೈಲಾ ಕುಚೆರಾ ಕಾರ್ಲೀನ್ ಬ್ರಾಂಟ್‌ಳನ್ನು ಮೊದಲು ಕಂಡದ್ದು ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಮೇಪಲ್ ಬೀದಿಯ ಸೊರೊರಿಟಿ ಮನೆಯಲ್ಲಿ, ಅಂದರೆ ಕಾಲೇಜು ಹುಡುಗಿಯರು ಅಕ್ಕತಂಗಿಯರಂತೆ ಸಂಘ ಕಟ್ಟಿಕೊಂಡು ಒಟ್ಟಿಗೆ ವಾಸಿಸುವ ಮನೆಯಲ್ಲಿ. ಎಂಬತ್ತರ ದಶಕದ ನಡುವಿನ ಮಾತು. ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗಿಯರು ಆ ದಿನ ಒಂದೊಂದು ಸಂಘದ ಮನೆಗೂ ಹೋಗಿ ಮಾತಾಡಿಸಿಕೊಂಡು ಬರಬೇಕು. ಯಾವ ಮನೆಯವರಿಗೆ ಇಷ್ಟವಾದರೆ ಆ ಮನೆಯವರು ಕರೆಯುತ್ತಾರೆ. ಬಾಗಿಲು ತೆರೆದದ್ದೇ ತಡ, ಒಳಗಿದ್ದ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿ ಒಂದೇ ದನಿಯಲ್ಲಿ ಹಾಡತೊಡಗಿದರು. ಟ್ವೈಲಾ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ನೆಬ್ರಾಸ್ಕದ ಪಶ್ಚಿಮದ ಹುಲ್ಲುಗಾವಲು ಸೀಮೆಯವಳು. ಅವಳ ಊರಲ್ಲಿ ಜನ ಒಟ್ಟಿಗೆ ಹಾಡುತ್ತಿದ್ದದ್ದು ಚರ್ಚಿನಲ್ಲಿ ಮಾತ್ರ, ಅದೂ ಅರ್ಧ ನಿದ್ದೆಯಲ್ಲಿ.

ಅವಳ ಕಾಲಲ್ಲಿ ಅಮ್ಮನ ಬಿಳಿ ಬೂಟು. ಭಾನುವಾರಕ್ಕೆಂದು ಅಮ್ಮ ಜೋಪಾನ ಮಾಡಿಟ್ಟಿದ್ದು, ಮಗಳ ಕಾಲಿಗೆ ಬಿಗಿ. ಒಳಗೆ ಯಾರೋ ಊರು ಕೇಳಿದರು, ಯಾರೋ ಓದು ಕೇಳಿದರು, ಯಾರೋ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. "ದನ ಸಾಕ್ತಾರೆ" ಎಂದಾಗ ಒಬ್ಬಳು "ಅಯ್ಯೋ ಎಷ್ಟು ಚೆಂದ" ಎಂದು ಆಚೆ ತಿರುಗಿದಳು. ಅಷ್ಟರಲ್ಲಿ ಅಗಲ ಭುಜದ ಎತ್ತರದ ಹುಡುಗಿಯೊಬ್ಬಳು ನಿಂಬೆ ಶರಬತ್ತಿನ ಜಗ್ಗು ಹಿಡಿದು ಬಂದು ಮುಂದೆ ನಿಂತಳು. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಬಾಯಲ್ಲಿ ಐಸ್ ತುಂಡು ಕಟಕಟ ಅನ್ನುತ್ತಿತ್ತು. ಅವಳು ಟ್ವೈಲಾಳ ಮುಖ ನೋಡಲೇ ಇಲ್ಲ, ಕಾಲು ನೋಡಿದಳು.

"ಕಾಲು ಸಾಯ್ತಾ ಇದೆ, ಅಲ್ವಾ?"

"ಇಲ್ಲ, ಚೆನ್ನಾಗಿದೆ."

"ಎಲ್ಲಿ ಚೆನ್ನಾಗಿದೆ? ಬಿಸಿ ಕಲ್ಲಿನ ಮೇಲೆ ನಿಂತ ಕೋಳಿ ಥರ ಕಾಲು ಬದಲಾಯಿಸ್ತಾ ಇದ್ದೀಯ. ಬಾ."

ಅವಳು ಟ್ವೈಲಾಳನ್ನು ಅಡುಗೆಮನೆಯೊಳಗಿಂದ ಹಿತ್ತಿಲ ಮೆಟ್ಟಿಲಿಗೆ ಕರೆದುಕೊಂಡು ಹೋದಳು. ಅಲ್ಲಿ ಮಿಸೆಸ್ ಪಾವೆಲ್ಕಾ ಬೀನ್ಸ್ ನಾರು ತೆಗೆಯುತ್ತ ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಆ ಮನೆಗೆ ಬಂದು, ಹುಡುಗಿಯರ ಊಟ, ಜ್ವರ, ಜಗಳ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಹೆಂಗಸು. ಅವರು ಏನೂ ಕೇಳದೆ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಟ್ವೈಲಾ ಬೂಟು ಕಳಚಿ ತಣ್ಣನೆಯ ಸಿಮೆಂಟಿನ ಮೇಲೆ ಕಾಲಿಟ್ಟಳು.

"ದನ ಅಂದ್ಯಲ್ಲ, ಯಾವ ತಳಿ?" ಎಂದಳು ಎತ್ತರದ ಹುಡುಗಿ.

"ಕೆಂಪು ಮೈ, ಬಿಳಿ ಮುಖ. ಮಾಂಸಕ್ಕೆ ಸಾಕೋದು."

"ನಮ್ಮಪ್ಪ ಹಾಲಿನ ಡೈರೀಲಿ ಬೆಣ್ಣೆ ತೆಗೀತಾನೆ. ಹಾಲು ಕೊಡದೇ ಇರೋದನ್ನ ನಮ್ಮನೇಲಿ ದನ ಅಂತ ಒಪ್ಪೋದೇ ಇಲ್ಲ."

"ನಮ್ಮಪ್ಪ ನಿಮ್ಮಪ್ಪನ್ನ ಮನೆಯೊಳಗೆ ಬಿಟ್ಕೊಳ್ಳಲ್ಲ" ಎಂದುಬಿಟ್ಟಳು ಟ್ವೈಲಾ. ಅಂದ ಮೇಲೆ ಗಾಬರಿಯಾದಳು. ಎತ್ತರದ ಹುಡುಗಿ ಐಸ್ ಉಗುಳಿ ನಕ್ಕಳು. ಊರು ಬಿಟ್ಟ ಮೇಲೆ ಟ್ವೈಲಾ ಕೂಡ ನಕ್ಕದ್ದು ಅದೇ ಮೊದಲು. ಆ ಹುಡುಗಿಯೇ ಕಾರ್ಲೀನ್.

ಎರಡು ದಿನ ಕಳೆದು ಆ ಮನೆಯಿಂದ ಕರೆ ಬಂತು. ಟ್ವೈಲಾಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ತರಗತಿಯಲ್ಲಿ ಯಾವಾಗ ಕೈ ಎತ್ತಬೇಕು, ಊಟದ ಮೇಜಿನಲ್ಲಿ ಯಾವ ಚಮಚ ಮೊದಲು, ಎಲ್ಲವನ್ನೂ ಅವಳು ಬೇರೆಯವರನ್ನು ಕದ್ದು ನೋಡಿ ಕಲಿಯುತ್ತಿದ್ದಳು. ಕಾಲೇಜೆಂಬ ಆ ದೊಡ್ಡ ಊರಲ್ಲಿ ಮೇಪಲ್ ಬೀದಿಯ ಮನೆಯೊಂದೇ ಅವಳು ಬಾಗಿಲು ತಟ್ಟದೆ ಒಳಗೆ ಹೋಗಬಹುದಾದ ಜಾಗ. ಆದರೆ ಹೊಸಬರು ಇನ್ನೂ ಪೂರ್ತಿ ಒಳಗಿನವರಲ್ಲ. ವಸಂತದಲ್ಲಿ ಪ್ರತಿಜ್ಞೆ ಮಾಡಿದ ಮೇಲೆಯೇ ಅಕ್ಕತಂಗಿಯರ ಲೆಕ್ಕಕ್ಕೆ ಸೇರುವುದು. ಅಲ್ಲಿಯವರೆಗೆ ಮನೆಯವರಿಗೆ ಬೇಡವೆನಿಸಿದರೆ ಕಳಿಸಿಬಿಡಬಹುದು.

ಅಕ್ಟೋಬರಿನಲ್ಲಿ ಹೊಸಬರಿಗೆ ಅಕ್ಕಂದಿರನ್ನು ಕೊಡುವ ದಿನ ಬಂತು. ಅಕ್ಕ ಯಾರೆಂದು ಯಾರೂ ಹೇಳುವುದಿಲ್ಲ. ಹೊಸಬಳ ಕೈಗೆ ಒಂದು ಉಣ್ಣೆ ನೂಲಿನ ತುದಿ ಕೊಡುತ್ತಾರೆ, ಅದನ್ನು ಸುತ್ತಿಕೊಳ್ಳುತ್ತ ಹೋದರೆ ಇನ್ನೊಂದು ತುದಿಯಲ್ಲಿ ಅಕ್ಕ. ಟ್ವೈಲಾಳ ಹಸಿರು ನೂಲು ಮಹಡಿ ಹತ್ತಿತು, ಸ್ನಾನದ ತೊಟ್ಟಿಯೊಳಗೆ ಇಳಿಯಿತು, ಕಿಟಕಿಯಾಚೆ ಹೋಗಿ ಮತ್ತೆ ಒಳಗೆ ಬಂತು, ಬೇರೆ ಹುಡುಗಿಯರ ನೂಲುಗಳ ಜೊತೆ ಗಂಟು ಬಿತ್ತು. ಕೊನೆಗೆ ಅಡುಗೆಮನೆಗೆ ಬಂದು ನಿಂತಿತು. ಅಲ್ಲಿ ಹಿಟ್ಟಿನ ಡಬ್ಬದ ಮೇಲೆ ಕೂತು ಕಾರ್ಲೀನ್ ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ ಕಡಿಯುತ್ತಿದ್ದಳು. ನೂಲಿನ ತುದಿ ಅವಳ ಕಾಲ್ಬೆರಳಿಗೆ ಕಟ್ಟಿತ್ತು.

"ಎಷ್ಟು ಹೊತ್ತು ಮಾರಾಯ್ತಿ. ಇದು ಮೂರನೇ ಸೌತೆಕಾಯಿ" ಎಂದಳು.

ಕಾರ್ಲೀನ್ ಆಗ ಮೂರನೇ ವರ್ಷದಲ್ಲಿದ್ದಳು. ನಾಲ್ಕು ಜನ ಗಂಡುಹುಡುಗರ ನಡುವೆ ಬೆಳೆದವಳು. ಕೊನೆಯ ತಮ್ಮ ಡೇಲ್‌ಗೆ ಮಾತು ತಡೆಯುತ್ತಿತ್ತು, ಊರಿನ ಶಾಲೆಯವರು ಅವನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಹಾಕಿದ್ದರು. ಅದಕ್ಕೇ ಅವಳು ಮಾತು ತಡೆಯುವ ಮಕ್ಕಳಿಗೆ ಕಲಿಸುವ ವಿದ್ಯೆ ಓದುತ್ತಿದ್ದಳು. ಸಂಘದ ದಾನಧರ್ಮದ ಕೆಲಸವೂ ಅವಳದೇ. ಊರಾಚೆ ಕಾಲು ಬಲವಿಲ್ಲದ ಮಕ್ಕಳ ಶಾಲೆಯೊಂದಿತ್ತು, ಆ ಮಕ್ಕಳ ಬೇಸಿಗೆ ಶಿಬಿರದ ಖರ್ಚನ್ನು ಸಂಘವೇ ಹೊರುತ್ತಿತ್ತು. ಅದಕ್ಕೆ ಪ್ರತಿ ಏಪ್ರಿಲ್‌ನಲ್ಲಿ ಗ್ರಂಥಾಲಯದ ಮುಂದಿನ ಹುಲ್ಲಿನ ಮೇಲೆ ದೊಡ್ಡದೊಂದು ಸೀಸಾ ಹಲಗೆ ಹಾಕುತ್ತಿದ್ದರು, ಮಕ್ಕಳು ಎರಡು ತುದಿಗೆ ಕೂತು ಏರಿಳಿಯುತ್ತಾರಲ್ಲ, ಅಂಥದ್ದು. ಎರಡು ದಿನ ಅದು ನಿಲ್ಲಬಾರದು. ಹುಡುಗಿಯರು ಜೋಡಿ ಜೋಡಿಯಾಗಿ ಪಾಳಿ ಕೂರುತ್ತಾರೆ, ಉಳಿದವರು ರಸ್ತೆಯಲ್ಲಿ ಬಕೆಟ್ ಹಿಡಿದು ನಿಲ್ಲುತ್ತಾರೆ. ಮೊದಲೆಲ್ಲ ಬಕೆಟ್ಟಿನ ಪಕ್ಕ ಶಾಲೆಯ ಒಂದು ಮಗುವನ್ನೂ ನಿಲ್ಲಿಸುವ ರೂಢಿಯಿತ್ತು. ಕಾರ್ಲೀನ್ ಅದನ್ನು ಬಿಡಿಸಿದಳು.

"ಆ ಮಗೂನ ಅಲ್ಲಿ ಯಾಕೆ ನಿಲ್ಲಿಸ್ತೀರಿ? ಹಲಗೆ ಮೇಲೆ ಕೂರಿಸಿ. ಆಡೋಕೆ ಬರ್ಲಿ, ಬೇಡೋಕೆ ಬೇಡ" ಎಂದಿದ್ದಳಂತೆ ಸಭೆಯಲ್ಲಿ. ಆಮೇಲೆ ಮಕ್ಕಳು ಆಡುವುದಕ್ಕೇ ಬರುತ್ತಿದ್ದರು, ಕಾಲಿನ ಕಬ್ಬಿಣದ ಪಟ್ಟಿ ಸಮೇತ ಹಲಗೆ ಏರುತ್ತಿದ್ದರು.

ಮಾರ್ಚಿನ ಒಂದು ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಮಿಸೆಸ್ ಪಾವೆಲ್ಕಾ ಎದ್ದು ನಿಂತು, "ಇವತ್ತು ಮೇಣದಬತ್ತಿ ಇದೆ" ಎಂದರು. ಮೇಜಿನ ತುಂಬ ಗುಸುಗುಸು ಶುರುವಾಯಿತು. ಆ ಮನೆಯಲ್ಲಿ ಯಾರಿಗಾದರೂ ಮದುವೆ ಗೊತ್ತಾದರೆ ಅವಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಿಸೆಸ್ ಪಾವೆಲ್ಕಾರ ಕಿವಿಯಲ್ಲಿ ಮಾತ್ರ ಹೇಳಿ ಬತ್ತಿ ಕೇಳುತ್ತಾಳೆ. ಊಟವಾದ ಮೇಲೆ ಎಲ್ಲರೂ ಮುಂದಿನ ಕೋಣೆಯಲ್ಲಿ ದುಂಡಗೆ ನಿಲ್ಲುತ್ತಾರೆ, ದೀಪ ಆರಿಸಿ ಹಾಡು ಹೇಳುತ್ತ ಒಂದು ಮೇಣದಬತ್ತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೊದಲ ಸುತ್ತು ಎಲ್ಲರ ಸ್ನೇಹಕ್ಕೆ. ಎರಡನೆಯದು ಹುಡುಗನೊಬ್ಬ ಪ್ರೀತಿಯ ಗುರುತಾಗಿ ಕೊಟ್ಟ ಅವನ ಸಂಘದ ಪದಕವನ್ನು ಕೊರಳಿಗೆ ಹಾಕಿಕೊಂಡವಳಿಗೆ. ಮೂರನೆಯದು ನಿಶ್ಚಿತಾರ್ಥಕ್ಕೆ. ಯಾರ ಸುದ್ದಿಯೋ ಅವಳು ತನ್ನ ಸುತ್ತಿನಲ್ಲಿ ಬತ್ತಿ ಊದಿ ಆರಿಸುತ್ತಾಳೆ. ಬತ್ತಿ ಕೇಳಿದವರು ಯಾರೆಂದು ಮಿಸೆಸ್ ಪಾವೆಲ್ಕಾ ಯಾವತ್ತೂ ಬಾಯಿ ಬಿಡುವಂತಿಲ್ಲ.

ಇದನ್ನೆಲ್ಲ ಹೊಸಬರಿಗೆ ಹೇಳಿಕೊಡುವ ಕೆಲಸ ಬೆಟ್ಸಿಯದು. ಆ ಮನೆಯಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವಳೂ ಅವಳೇ, ಹಾಗಾಗಿ ಹೇಳಬೇಕಾದದ್ದು ಎಷ್ಟೋ ಸಲ ಉಳಿದುಹೋಗುತ್ತಿತ್ತು. ಟ್ವೈಲಾಳಿಗೆ ಅವಳು ಹೇಳಿದ್ದು "ಹಾಡು, ಬತ್ತಿ ಬಂದ್ರೆ ಪಕ್ಕದವಳಿಗೆ ಕೊಡು" ಎಂದಷ್ಟೇ.

ಟ್ವೈಲಾ ಕಾರ್ಲೀನ್‌ಳ ಪಕ್ಕದಲ್ಲಿ ನಿಂತಿದ್ದಳು. ಬತ್ತಿ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮೂರನೇ ಸುತ್ತಿಗೆ ಹಾಡು ತಾನಾಗಿ ಬಿರುಸಾಯಿತು. ಬತ್ತಿ ಟ್ವೈಲಾಳ ಕೈಗೆ ಬರುವುದಕ್ಕೂ ಹಾಡು ಮುಗಿಯುವುದಕ್ಕೂ ಸರಿಹೋಯಿತು. ಅವಳ ಊರಿನ ಚರ್ಚಿನಲ್ಲಿ ಕ್ರಿಸ್ಮಸ್ ಹಿಂದಿನ ಸಂಜೆ ಎಲ್ಲರೂ ಬತ್ತಿ ಹಿಡಿದು ಹಾಡುತ್ತಾರೆ. ಹಾಡು ಮುಗಿದ ಕೂಡಲೇ ಊದುತ್ತಾರೆ, ಊದದೆ ಹಿಡಿದುಕೊಂಡು ನಿಂತ ಮಕ್ಕಳಿಗೆ ತಾಯಂದಿರು ಚಿವುಟುತ್ತಾರೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಹಾಡು ಮುಗಿಯಿತು, ಊದಿದಳು.

ಕತ್ತಲೆಯಲ್ಲಿ ಕಿರುಚಾಟವೆದ್ದಿತು. ದೀಪ ಹೊತ್ತಿಸಿದಾಗ ಎಲ್ಲರ ಕೈಗಳೂ ಅವಳ ಮೇಲೆ. ಬೆಟ್ಸಿ ಕಣ್ಣೀರು ಹಾಕುತ್ತಿದ್ದಳು.

"ಕಳ್ಳಿ, ಒಂದು ಮಾತೂ ಹೇಳಿಲ್ಲ ನೋಡು. ಹೆಸರೇನೇ ಅವನದು?"

ಟ್ವೈಲಾಳಿಗೆ ಏನು ನಡೆದಿದೆಯೆಂದು ತಿಳಿಯುವಷ್ಟರಲ್ಲಿ ಇಡೀ ಮನೆ ಅವಳನ್ನು ಅಪ್ಪಿಕೊಂಡಿತ್ತು. ಅಷ್ಟು ಜನ ಅವಳನ್ನು ಒಟ್ಟಿಗೆ ಅಪ್ಪಿಕೊಂಡದ್ದು ಹುಟ್ಟಿದಂದಿನಿಂದ ಇರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದಳು, ಹೊರಗೆ ಬಂದದ್ದು ಬೇರೆ.

"ಲೀಲ್ಯಾಂಡ್."

ಲೀಲ್ಯಾಂಡ್ ಅವಳ ಅಪ್ಪನ ಮುದಿ ಕುದುರೆ.

"ಏನ್ ಮಾಡ್ತಾನೆ?"

"ನಮ್ಮಪ್ಪನ ಜೊತೇಲೇ ಇದ್ದಾನೆ. ದನ ನೋಡ್ಕೋತಾನೆ."

"ಎತ್ತರ ಇದ್ದಾನಾ?"

"ಇದ್ದಾನೆ" ಎಂದಳು ಟ್ವೈಲಾ, ಅಳುವ ದನಿಯಲ್ಲಿ. ಖುಷಿಗೆ ಅಳುತ್ತಿದ್ದಾಳೆಂದು ಎಲ್ಲರೂ ಮತ್ತೊಮ್ಮೆ ಅಪ್ಪಿಕೊಂಡರು. ಮಿಸೆಸ್ ಪಾವೆಲ್ಕಾ ಮಾತ್ರ ದೀಪದ ಗುಂಡಿಯ ಹತ್ತಿರವೇ ನಿಂತು ಒಮ್ಮೆ ಅವಳನ್ನೂ ಒಮ್ಮೆ ಗುಂಪನ್ನೂ ನೋಡುತ್ತಿದ್ದರು. ಕಾರ್ಲೀನ್ ಅವಳ ಕೈಯಿಂದ ಬತ್ತಿ ತೆಗೆದುಕೊಂಡು, "ಮೇಣ ಬಿಸಿ ಇದೆ, ಸುಟ್ಕೊಂಡೀಯ" ಎಂದಳು.

ಆಮೇಲಿನ ದಿನಗಳು ಟ್ವೈಲಾಳಿಗೆ ಮುಳ್ಳಿನ ಹಾಸಿಗೆಯಾದವು. ನಿಶ್ಚಯವಾದವಳಿಗೆ ಒಬ್ಬೊಬ್ಬ ಅಕ್ಕನೂ ತನ್ನ ತಾಯಿಯ ಕೈಯಡುಗೆಯೊಂದನ್ನು ಬರೆದುಕೊಡುವ ಪದ್ಧತಿಯಿತ್ತು. ತಗಡಿನ ಡಬ್ಬಿಯಲ್ಲಿ ದಿನಕ್ಕೊಂದು ಅಡುಗೆ ಬಂದು ಬೀಳುತ್ತಿತ್ತು. ಬೆಟ್ಸಿಯಂತೂ ಅವಳ ಅಜ್ಜಿ ಯಾರಿಗೂ ಹೇಳದ ಗಸಗಸೆ ರೊಟ್ಟಿಯ ಗುಟ್ಟನ್ನೇ ಬರೆದುಕೊಟ್ಟಳು. ವಸಂತದ ನೃತ್ಯಕ್ಕೆ ಲೀಲ್ಯಾಂಡನನ್ನು ಕರೆಸಲೇಬೇಕೆಂದು ಹಟ ಹಿಡಿದಳು.

"ಅವನಿಗೆ ಜನ ಅಂದ್ರೆ ಆಗಲ್ಲ" ಎಂದಳು ಟ್ವೈಲಾ.

"ಪಾಪ, ನಾಚಿಕೆ ಸ್ವಭಾವ" ಎಂದು ಬೆಟ್ಸಿ ಇನ್ನಷ್ಟು ಕರಗಿದಳು.

ಎಲ್ಲಕ್ಕಿಂತ ದೊಡ್ಡ ಭಯ ಪ್ರತಿಜ್ಞೆಯದು. ಸೀಸಾ ಮುಗಿದ ವಾರ ಹೊಸಬರು ಎಲ್ಲರೆದುರು ಕೈ ಎತ್ತಿ, ಅಕ್ಕತಂಗಿಯರಿಗೆ ಸುಳ್ಳಾಡಿಲ್ಲ, ಆಡುವುದಿಲ್ಲ ಎನ್ನಬೇಕು. ನಿಜ ಹೇಳಿದರೆ ಮನೆಯಿಂದ ಕಳಿಸುತ್ತಾರೆ. ಹೇಳದಿದ್ದರೆ ಸುಳ್ಳಿನ ಮೇಲೆ ಪ್ರಮಾಣ ಮಾಡಿ ಅದೇ ಮನೆಯಲ್ಲಿ ಮಲಗಬೇಕು. ಊರಿಗೆ ವಾಪಸಾದರೆ ಅಪ್ಪ ಏನೂ ಅನ್ನುವುದಿಲ್ಲ, ಗೊತ್ತು. ಆ ಏನೂ ಅನ್ನದಿರುವುದೇ ಅವಳಿಗೆ ಹೆಚ್ಚು ಹೆದರಿಕೆ.

ಏಪ್ರಿಲ್ ಬಂತು, ಹಲಗೆ ಬಂತು. ಎರಡನೇ ದಿನ ಮಧ್ಯಾಹ್ನದ ಪಾಳಿಯಲ್ಲಿ ಟ್ವೈಲಾ ಒಂದು ತುದಿ, ಕಾರ್ಲೀನ್ ಇನ್ನೊಂದು ತುದಿ. ಬಯಲಿನ ಗಾಳಿ ಬಕೆಟ್‌ಗಳನ್ನು ಉರುಳಿಸುತ್ತಿತ್ತು. ಹಲಗೆಗೆ ಬೆಟ್ಸಿ ಕಾಗದದ ಹೂ ಕಟ್ಟಿ "ಮದುಮಗಳ ಸವಾರಿ" ಎಂದು ಬರೆದು ಅಂಟಿಸಿದ್ದಳು. ಟ್ವೈಲಾ ಮೇಲೆ ಹೋದಾಗ ಅದನ್ನು ಓದುತ್ತಿದ್ದಳು, ಕೆಳಗೆ ಬಂದಾಗಲೂ ಓದುತ್ತಿದ್ದಳು. ಕೊನೆಗೆ ತಡೆಯಲಾಗಲಿಲ್ಲ.

"ಕಾರ್ಲೀನ್, ನಾನು ಹಲಗೆ ನಿಲ್ಲಿಸಬೇಕು."

"ನಿಲ್ಲಿಸಿದ್ರೆ ಮಿಸೆಸ್ ಪಾವೆಲ್ಕಾ ನಿನ್ನನ್ನೂ ನನ್ನನ್ನೂ ಬೀನ್ಸ್ ಜೊತೆ ಬೇಯಿಸ್ತಾರೆ. ಏನು ಹೇಳು, ಆಡ್ತಾನೇ ಹೇಳು."

ಟ್ವೈಲಾ ಮೇಲೆ ಹೋದಾಗ ಒಂದು ಮಾತು, ಕೆಳಗೆ ಬಂದಾಗ ಒಂದು ಮಾತು ಹೇಳಿದಳು. ಊರಿನ ಚರ್ಚು, ಹಾಡು ಮುಗಿದದ್ದು, ಊದಿದ್ದು. ಲೀಲ್ಯಾಂಡನಿಗೆ ನಾಲ್ಕು ಕಾಲು ಎಂಬುದನ್ನು ನೆಲದ ಹತ್ತಿರ ಬಂದಾಗ ಹೇಳಿದಳು. ಕಾರ್ಲೀನ್ ಮೇಲೆ, ಆಕಾಶದ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಭುಜ ಕುಲುಕುವುದು ಕಂಡಿತು. ಅಳುತ್ತಿದ್ದಾಳೆ ಅಂದುಕೊಂಡಳು ಟ್ವೈಲಾ. ಕೆಳಗೆ ಬಂದಾಗ ನೋಡಿದರೆ ನಗು.

"ಕುದುರೇನಾ?" ಎಂದಳು ಕಾರ್ಲೀನ್ ಕಣ್ಣೊರೆಸಿಕೊಂಡು. "ನಾನು ಯಾರೋ ದನ ಕಾಯೋನು ಅಂದ್ಕೊಂಡಿದ್ದೆ."

"ನಿಂಗೆ ಗೊತ್ತಿತ್ತಾ, ಸುಳ್ಳು ಅಂತ?"

"ಗೊತ್ತಿರದೆ ಏನು. ಆ ಬತ್ತಿ ಕೇಳಿದ್ದು ನಾನೇ ಕಣೆ."

ಟ್ವೈಲಾಳ ಕಾಲು ನೆಲಕ್ಕೆ ತಾಗಿ ಅಲ್ಲೇ ಉಳಿಯಿತು. ಹಲಗೆ ನಿಂತಿತು.

"ಒದಿ," ಎಂದಳು ಕಾರ್ಲೀನ್ ಮೇಲಿನಿಂದ. "ಒದಿಯೇ, ಬೆಟ್ಸಿ ನೋಡ್ತಾ ಇದ್ದಾಳೆ."

ಟ್ವೈಲಾ ಒದ್ದಳು. ಹಲಗೆ ಮತ್ತೆ ಆಡಿತು. ಕಾರ್ಲೀನ್ ಅವಸರವಿಲ್ಲದೆ ಹೇಳಿದಳು. ಡಗ್ ಎಂಬ ಹುಡುಗ, ಅವಳ ಊರಿನ ಧಾನ್ಯದ ಗೋದಾಮಿನವರ ಮಗ, ಕ್ರಿಸ್ಮಸ್ ರಜೆಯಲ್ಲಿ ಉಂಗುರ ಕೊಟ್ಟಿದ್ದ. ಒಳ್ಳೆಯವನೇ. ಜೂನಿನಲ್ಲಿ ಮದುವೆ, ಆಮೇಲೆ ಓದು ಸಾಕು, ಗೋದಾಮಿನ ಪಕ್ಕದಲ್ಲೇ ಮನೆ ಎಂದಿದ್ದ. ಅವಳ ಅಮ್ಮನಿಗೆ ಆ ಮನೆಯ ಕಿಟಕಿಗಳು ಬಹಳ ಹಿಡಿಸಿದ್ದವು.

"ಹೂಂ ಅಂದಿದ್ದೆ. ಬತ್ತೀನೂ ಕೇಳಿದೆ. ಆ ಸುತ್ತಲ್ಲಿ ನಿನ್ನ ಆದ್ಮೇಲೆ ನನ್ನ ಕೈ. ಬಾಯಲ್ಲಿ ಗಾಳಿ ತುಂಬ್ಕೊಂಡು ನಿಂತಿದ್ದೆ. ನೀನು ಊದಿಬಿಟ್ಟೆ. ಕತ್ತಲಾಯ್ತು."

"ನನ್ನ ಕ್ಷಮಿಸು. ನಿನ್ನ ಬತ್ತೀನ ನಾನು..."

"ಕೇಳು ಪೂರ್ತಿ. ಕತ್ತಲಾಯ್ತಲ್ಲ, ಆಗ ನಂಗೆ ಸಿಟ್ಟು ಬರ್ಬೇಕಿತ್ತು. ಬರ್ಲಿಲ್ಲ. ಸದ್ಯ, ಇವತ್ತಲ್ಲ ಅಂತ ಅನ್ನಿಸ್ತು. ಕ್ರಿಸ್ಮಸ್ ಆದ್ಮೇಲೆ ಮೊದಲ ಸಲ ಹೊಟ್ಟೆ ಹಗುರ ಆಯ್ತು. ರಾತ್ರಿ ಮಲಗಿ ಯೋಚಿಸಿದೆ, ಮದುವೆ ಗೊತ್ತಾದ ಹುಡುಗಿಗೆ ಹೀಗೆ ಅನ್ನಿಸಬಾರದಲ್ಲ."

"ಆಮೇಲೆ?"

"ಹೋದ ಭಾನುವಾರ ಊರಿಗೆ ಹೋಗಿ ಉಂಗುರ ವಾಪಸ್ ಕೊಟ್ಟೆ. ಡಗ್ ಅದನ್ನ ಜೇಬಿಗೆ ಹಾಕ್ಕೊಂಡ. ಆಮೇಲೆ, ನೀನು ಹೂಂ ಅಂದಾಗ್ಲೂ ಯೋಚಿಸ್ತಾ ಇರೋಳ ಥರ ಇದ್ದೆ ಅಂದ. ಅಮ್ಮ ಮಾತ್ರ ಇನ್ನೂ ಮಾತಾಡಿಲ್ಲ. ಕಿಟಕಿ ಹೋಯ್ತಲ್ಲ."

ಟ್ವೈಲಾ ಮತ್ತೊಮ್ಮೆ ನೆಲ ಒದ್ದಳು. "ಮತ್ತೆ ನೀನು ಯಾಕೆ ಇಷ್ಟು ದಿನ ನಂಗೆ ಹೇಳಿಲ್ಲ?"

"ನೀನು ಹೇಳ್ತೀಯೋ ಇಲ್ವೋ ನೋಡ್ತಿದ್ದೆ. ಅಕ್ಕ ಆದೋಳು ಅಷ್ಟು ನೋಡ್ಬಾರ್ದಾ?" ಎಂದಳು ಕಾರ್ಲೀನ್. ಇನ್ನೊಂದು ಸಲ ಕೆಳಗೆ ಬಂದಾಗ ಸೇರಿಸಿದಳು. "ಅದೂ ಪೂರ್ತಿ ನಿಜ ಅಲ್ಲ. ನಿನ್ನದು ಸುಳ್ಳು ಅಂದ್ರೆ ನನ್ನದು ಹೇಳ್ಬೇಕಿತ್ತು. ನಂಗೂ ಧೈರ್ಯ ಇರ್ಲಿಲ್ಲ."

"ಈಗ ಎಲ್ಲರಿಗೂ ಹೇಳ್ಬೇಕು."

"ಹೇಳ್ಬೇಕು. ನಿನ್ನ ಪರವಾಗಿ ನಾನು ಹೇಳಲ್ಲ. ಪಕ್ಕದಲ್ಲಿ ಕೂತಿರ್ತೀನಿ."

ಸೋಮವಾರ ರಾತ್ರಿ ಆಲೂಗಡ್ಡೆಯ ಬೋಗುಣಿ ಮೇಜಿನ ಸುತ್ತ ಹೋಗುತ್ತಿರುವಾಗ ಟ್ವೈಲಾ ಎದ್ದು ನಿಂತಳು. ಅಕ್ಕಪಕ್ಕ ನೋಡದೆ ಗೋಡೆಯ ಗಡಿಯಾರ ನೋಡುತ್ತ ಎಲ್ಲವನ್ನೂ ಹೇಳಿದಳು. ತಾನು ಯಾರನ್ನೂ ಮದುವೆಯಾಗುತ್ತಿಲ್ಲ, ಲೀಲ್ಯಾಂಡ್ ಅಪ್ಪನ ಕುದುರೆ, ಬತ್ತಿ ಊದಿದ್ದು ತಿಳಿಯದೆ, ಆದರೆ ಆಮೇಲಿನ ಸುಳ್ಳು ತಿಳಿದೇ ಹೇಳಿದ್ದು, ಕಳಿಸುವುದಾದರೆ ನಾಳೆಯೇ ಪೆಟ್ಟಿಗೆ ಕಟ್ಟುತ್ತೇನೆ ಎಂದಳು. ಅಡುಗೆಗಳ ಡಬ್ಬಿಯನ್ನು ಮೇಜಿನ ನಡುವೆ ಇಟ್ಟಳು. ಕಾರ್ಲೀನ್ ಕೂತಲ್ಲಿಂದಲೇ, "ಆ ಬತ್ತಿ ನನ್ನದು. ನಂಗೂ ಅದು ಬೇಕಾಗಿಲ್ಲ" ಎಂದಳು.

ಬೋಗುಣಿ ಒಬ್ಬಳ ಕೈಯಲ್ಲೇ ನಿಂತಿತ್ತು. ಬೆಟ್ಸಿ ಮುಖ ಗಂಟಿಕ್ಕಿಕೊಂಡಳು.

"ಹಾಗಾದ್ರೆ ಲೀಲ್ಯಾಂಡ್ ಕುದುರೆ" ಎಂದಳು.

"ಹೌದು."

"ನಮ್ಮಮ್ಮನಿಗೆ ನಾನು ಅವನ ವಿಷಯ ಹೇಳಿದ್ದೀನಿ. ಒಳ್ಳೆ ಹುಡುಗನ ಹಾಗೆ ಕಾಣ್ತಾನೆ ಅಂದ್ಲು."

ಮೊದಲು ನಕ್ಕದ್ದು ಮಿಸೆಸ್ ಪಾವೆಲ್ಕಾ. ಬಾಯಿಗೆ ಕರವಸ್ತ್ರ ಒತ್ತಿಕೊಂಡರೂ ತಡೆಯಲಿಲ್ಲ. ಆಮೇಲೆ ಮೇಜೆಲ್ಲ ನಕ್ಕಿತು. ನಗು ನಿಂತ ಮೇಲೆ ಅವರು, "ಅಮ್ಮಣ್ಣಿಗಳಿರಾ, ಬಾಯಿ ಬಿಡೋ ಹಾಗಿಲ್ಲ ಅಂತ ಇಷ್ಟು ದಿನ ನುಂಗಿಕೊಂಡಿದ್ದು ನನಗೆ ಎದೆಯುರಿ ಬಂದುಬಿಟ್ಟಿತ್ತು. ಇವತ್ತು ನಿದ್ದೆ ಮಾಡ್ತೀನಿ" ಎಂದರು.

ನಗು ಮುಗಿದರೂ ಮಾತು ಮುಗಿಯಲಿಲ್ಲ. ಟ್ವೈಲಾಳನ್ನು ಹಿತ್ತಿಲ ಮೆಟ್ಟಿಲಿಗೆ ಕಳಿಸಿ, ಬಾಗಿಲು ಹಾಕಿಕೊಂಡು ಸಭೆ ಮಾಡಿದರು. ಸುಳ್ಳು ಸುಳ್ಳೇ, ಕಳಿಸಬೇಕು ಎಂದವರೂ ಇದ್ದರಂತೆ. ಅವಳ ಪರ ಗಟ್ಟಿಯಾಗಿ ಮಾತಾಡಿದ್ದು ಬೆಟ್ಸಿ, ತಾನು ಸರಿಯಾಗಿ ಹೇಳಿಕೊಟ್ಟಿದ್ದರೆ ಇದು ಆಗುತ್ತಲೇ ಇರಲಿಲ್ಲವೆಂದು. ಕಾರ್ಲೀನ್ ಹೊರಗೆ ಬಂದಾಗ ಟ್ವೈಲಾ ಎದ್ದು ನಿಂತಳು.

"ರಜೆ ಬರೋವರೆಗೂ ಪಾತ್ರೆ ನಿಂದೇ" ಎಂದಳು ಕಾರ್ಲೀನ್. "ಈಗ್ಲೇ ಶುರು ಮಾಡು, ಬೋಗುಣೀಲಿ ಆಲೂಗಡ್ಡೆ ಒಣಗ್ತಾ ಇದೆ."

ಟ್ವೈಲಾ ಅಂಗಿಯ ತೋಳು ಮೇಲೆ ಮಡಚಿಕೊಂಡಳು. ಆಮೇಲೆ ಒಳಗೆ ಹೋಗಿ ಬಿಸಿನೀರು ಬಿಟ್ಟುಕೊಂಡು ಇಡೀ ಮನೆಯ ಪಾತ್ರೆ ಉಜ್ಜಿದಳು. ಅಷ್ಟು ಖುಷಿಯಿಂದ ಅವಳು ಆ ಮೊದಲು ಪಾತ್ರೆ ತೊಳೆದಿರಲಿಲ್ಲ. ಆ ವಾರ ಉಳಿದ ಹೊಸಬರ ಜೊತೆ ನಿಂತು ಕೈ ಎತ್ತಿದಾಗ, ಸುಳ್ಳಾಡಿಲ್ಲ ಎನ್ನುವ ಜಾಗದಲ್ಲಿ ಮಿಸೆಸ್ ಪಾವೆಲ್ಕಾ ಅವಳಿಗಾಗಿ ಬೇರೆ ಮಾತು ಹಾಕಿಕೊಟ್ಟರು. "ಆಡಿದ್ದನ್ನು ಒಪ್ಪಿಕೊಂಡಿದ್ದೇನೆ, ಇನ್ನು ಆಡುವುದಿಲ್ಲ" ಎಂದಳು ಟ್ವೈಲಾ.

ಕಾರ್ಲೀನ್ ಮರುವರ್ಷ ಓದು ಮುಗಿಸಿದಳು. ಅವಳ ಪದವಿ ಪ್ರದಾನಕ್ಕೆ ಡೇಲ್ ಬಂದು, ವೇದಿಕೆಯಿಂದ ಅಕ್ಕನ ಹೆಸರು ಕರೆದಾಗ ತಾನೂ ಅದನ್ನು ತಡವರಿಸದೆ ಕೂಗಿದ. ಡಗ್ ಅದೇ ಊರಿನ ಬ್ಯಾಂಕಿನ ಹುಡುಗಿಯನ್ನು ಮದುವೆಯಾದ. ಅವರ ಮದುವೆಯಲ್ಲಿ ಕಾರ್ಲೀನ್ ಕಾಫಿ ಬಡಿಸಿದಳು, ಅವಳ ಅಮ್ಮ ಮಾತ್ರ ಅಲ್ಲಿಯೂ ಆ ಮನೆಯ ಕಿಟಕಿಗಳನ್ನು ನೆನೆದು ನಿಟ್ಟುಸಿರು ಬಿಟ್ಟಳಂತೆ. ಮುಂದೆ ನಡುವಯಸ್ಸಿನ ಹೊಸ್ತಿಲಲ್ಲಿ ಕಾರ್ಲೀನ್ ಜೇನು ಸಾಕುವ ಆರ್ವಿಡ್ ಎಂಬವನನ್ನು ಕೈಹಿಡಿದಳು. ಬತ್ತಿ, ಸುತ್ತು ಯಾವುದೂ ಇರಲಿಲ್ಲ. ಟ್ವೈಲಾಳಿಗೆ ಫೋನ್ ಮಾಡಿ "ಮದುವೆ ಆಗ್ತಿದ್ದೀನಿ. ಈ ಸಲ ಹೊಟ್ಟೆ ಹಗುರಾನೇ ಇದೆ" ಎಂದಳು ಅಷ್ಟೇ.

ಬೇಸಿಗೆ ಶಿಬಿರವನ್ನು ಅವಳು ಬಿಡಲಿಲ್ಲ. ಪ್ರತಿ ವರ್ಷ ಒಂದು ವಾರ ಅಲ್ಲಿ ಇದ್ದು ಬರುತ್ತಾಳೆ. ಟ್ವೈಲಾ ಹೈಸ್ಕೂಲು ಟೀಚರಾಗಿ, ಮಕ್ಕಳ ತಾಯಿಯಾಗಿ ಎಷ್ಟೋ ವರ್ಷ ಆ ವಾರ ಅವಳ ಜೊತೆ ಕಳೆದಿದ್ದಾಳೆ.

ಕಾರ್ಲೀನ್ ಈಗ ಅರವತ್ತು ದಾಟಿದ್ದಾಳೆ. ಸೋಮವಾರದಿಂದ ಗುರುವಾರದವರೆಗೆ ಹಳೆಯ ಕಾರು ಓಡಿಸಿಕೊಂಡು ಹಳ್ಳಿ ಶಾಲೆಗಳಿಗೆ ಹೋಗಿ, ಮಾತು ತಡೆಯುವ ಮಕ್ಕಳಿಗೆ ಮಾತಾಡಲು ಕಲಿಸುತ್ತಾಳೆ.